ಅರಿವಿನ ಕುಡಿಯೂ ನುಡಿಯುವ ಯಂತ್ರವೂ

ಶರಣಧರ್ಮದ ತಾಯಿಬೇರು ಅರಿವು. ಗುರುಕಾರುಣ್ಯದಿಂದ ಅರಿವು ಮೂಡುವುದೆಂದೂ, ಹಾಗೆ ಮೂಡಿದ ಅರಿವೇ ಮುಂದೆ ಅಂತರಂಗದ ಗುರುವಾಗಿ ನಿಂತು ಭಕ್ತನನ್ನು ಕೈಹಿಡಿದು ನಡೆಸುವುದೆಂದೂ ಹನ್ನೆರಡನೆಯ ಶತಮಾನದ ಶಿವಶರಣರು ಸಾರಿದರು. ಅರಿವಿಗೆ ಎದುರಾಗಿ ನಿಲ್ಲುವುದು ಮರವೆ. ಆ ಮರವೆಯ ಕತ್ತಲೆಯನ್ನು ಮೊಟ್ಟಮೊದಲು ಸೀಳುವ ಕಿರಣವಾವುದು? ಅದು ಪ್ರಶ್ನೆ. ತನಗೆ ತಿಳಿಯದುದು ಒಂದಿದೆಯೆಂದು ಕಂಡುಕೊಂಡ ಕ್ಷಣದಲ್ಲಿಯೇ ಜೀವನು ಅರಿವಿನ ಕಡೆಗೆ ಒಂದು ಹೆಜ್ಜೆಯನ್ನಿಟ್ಟಂತಾಗುತ್ತದೆ. ಪ್ರಶ್ನೆಯಿಲ್ಲದವನಿಗೆ ಉತ್ತರವು ಭಾರವೇ ಹೊರತು ಬೆಳಕಲ್ಲ.

ಈ ಪ್ರಶ್ನಾಶಕ್ತಿಯನ್ನು ಪರಶಿವನು ಎಲ್ಲ ಮಕ್ಕಳಿಗೂ ಬೇಧವಿಲ್ಲದೆ ಕರುಣಿಸಿದ್ದಾನೆ. ಐದಾರು ವರ್ಷದ ಕೂಸು ಬೆಳಗಾಯಿತೆಂದರೆ ಕೇಳತೊಡಗುತ್ತದೆ. ಚಂದ್ರನು ಜೊತೆಯಲ್ಲಿಯೇ ಏಕೆ ಬರುತ್ತಾನೆ? ಮುಟ್ಟಿದರೆ ಮುನಿಯ ಎಲೆಗೆ ಮುಟ್ಟಿದ್ದು ಹೇಗೆ ತಿಳಿಯಿತು? ತಾತನು ಎಲ್ಲಿಗೆ ಹೋದನು? ಮನೆಯ ಹಿರಿಯರಿಗೆ ಕೆಲಸದ ಅವಸರ. ಒಂದೆರಡು ಸಲ ಉತ್ತರಿಸಿ, ಮೂರನೆಯ ಸಲ “ಸುಮ್ಮನಿರು” ಎಂದು ಗದರುವುದು ಎಲ್ಲ ಮನೆಗಳಲ್ಲಿಯೂ ಕಾಣುವ ಸಂಗತಿ. ಶಾಲೆಗೆ ಹೋದರೆ ಅಲ್ಲಿ ಪ್ರಶ್ನೆ ಕೇಳುವವರು ಗುರುಗಳು, ಉತ್ತರ ಹೇಳಬೇಕಾದವರು ಮಕ್ಕಳು. ಇಂಗ್ಲೆಂಡಿನಲ್ಲಿ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ವಿದ್ವಾಂಸರು ನಾಲ್ಕು ವರ್ಷದ ಹೆಣ್ಣುಮಕ್ಕಳ ಮಾತುಕತೆಯನ್ನು ಮನೆಯಲ್ಲಿಯೂ ಶಿಶುವಿಹಾರದಲ್ಲಿಯೂ ದಾಖಲಿಸಿ 1984 ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮನೆಯಲ್ಲಿ ತಾಯಿಯ ಮುಂದೆ ಪ್ರಶ್ನೆಯ ಮಳೆಯನ್ನೇ ಸುರಿಸುತ್ತಿದ್ದ ಅದೇ ಮಗುವು ಶಿಶುವಿಹಾರದಲ್ಲಿ ಬಹುಮಟ್ಟಿಗೆ ಮೌನವಾಗಿರುತ್ತಿದ್ದಿತೆಂದು ಅವರು ಕಂಡರು. ಚಿಗುರು ಒಣಗುವುದು ಬಿಸಿಲಿನಿಂದ ಮಾತ್ರವಲ್ಲ, ನೀರೆರೆಯುವ ಕೈ ಇಲ್ಲದಿರುವುದರಿಂದಲೂ ಒಣಗುತ್ತದೆ.

ಶರಣರ ಕಲ್ಯಾಣದಲ್ಲಿ ಹೀಗಿರಲಿಲ್ಲ. ಬಾಲಕ ಬಸವಣ್ಣನವರು ಉಪನಯನದ ಸಮಯದಲ್ಲಿ, ತನಗಿರುವ ಸಂಸ್ಕಾರವು ಅಕ್ಕ ನಾಗಮ್ಮನಿಗೆ ಏಕಿಲ್ಲವೆಂದು ಕೇಳಿದರೆಂಬ ಕಥನವು ಪರಂಪರೆಯಲ್ಲಿ ಬೆಳೆದುಬಂದಿದೆ. ಒಂದು ಮಗುವಿನ ಬಾಯಿಂದ ಬಂದ ಆ ‘ಏಕೆ’ ಎಂಬ ಎರಡಕ್ಷರವೇ ಮುಂದೆ ಒಂದು ಮಹಾಸಮಾಜಕ್ಕೆ ಬೀಜವಾಯಿತೆಂದು ಹಿರಿಯರು ಭಾವಿಸಿದ್ದಾರೆ. ಶೂನ್ಯಸಂಪಾದನೆಯನ್ನು ತೆರೆದು ನೋಡಿದರೆ ಅದು ಆದ್ಯಂತವಾಗಿ ಸಂವಾದರೂಪವಾಗಿದೆ. ಅಲ್ಲಿ ಅಲ್ಲಮಪ್ರಭುದೇವರು ಉತ್ತರಗಳ ಮೂಟೆಯನ್ನು ಹೊತ್ತು ತಂದು ಹಂಚುವುದಿಲ್ಲ. ಕೆರೆಕಟ್ಟೆಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕುತ್ತಾರೆ, ಮಹಾದೇವಿಯಕ್ಕನನ್ನು ತುಂಬಿದ ಸಭೆಯಲ್ಲಿ ಪರೀಕ್ಷಿಸುತ್ತಾರೆ. ಎದುರಿಗಿದ್ದವರು ತಮ್ಮೊಳಗನ್ನು ತಾವೇ ಅಗೆದು ನೋಡುವಂತೆ ಮಾಡುತ್ತಾರೆ. ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಶೋಕದಲ್ಲಿದ್ದ ಮುಕ್ತಾಯಕ್ಕನು ಆ ಪ್ರಭುದೇವರನ್ನೇ ತಿರುಗಿ ಪ್ರಶ್ನಿಸುತ್ತಾಳೆ. ನಿಜವನ್ನರಿದವನಿಗೆ ಮಾತಿನ ಹಂಗು ಇನ್ನೂ ಏಕೆ ಉಳಿಯಿತೆಂಬುದು ಅವಳ ಪ್ರಶ್ನೆಯ ತಿರುಳು. ಪ್ರಭುವು ಅವಳನ್ನು ಗದರಿ ಬಾಯಿ ಮುಚ್ಚಿಸಲಿಲ್ಲ. ಅವಳೊಡನೆ ನಿಂತು, ಅವಳ ಸಂಶಯವು ಹರಿಯುವ ತನಕ ನುಡಿದರು. ಪ್ರಶ್ನಿಸುವವರ ವಯಸ್ಸು, ಕುಲ, ಲಿಂಗಭೇದಗಳನ್ನು ನೋಡದೆ ಪ್ರಶ್ನೆಯನ್ನೇ ಗೌರವಿಸುವ ಈ ರೀತಿಯು ಶರಣರು ಗೃಹಸ್ಥರಿಗೆ ಬಿಟ್ಟುಹೋದ ಆಸ್ತಿ.

ಹೀಗಿರುವಲ್ಲಿ ಈ ಕಾಲದ ಮನೆಗಳಿಗೆ ಒಬ್ಬ ಹೊಸ ಅತಿಥಿಯು ಬಂದಿದ್ದಾನೆ. ಕೃತಕ ಬುದ್ಧಿಮತ್ತೆಯೆಂಬುದು ಅವನ ಹೆಸರು. 1950 ರಲ್ಲಿ ಅಲನ್ ಟ್ಯೂರಿಂಗ್ ಎಂಬ ಆಂಗ್ಲ ಗಣಿತಜ್ಞನು ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನೆತ್ತಿ ಒಂದು ಲೇಖನವನ್ನು ಬರೆದನು. ಬೆಳೆದ ಮನುಷ್ಯನ ಮನಸ್ಸನ್ನು ಯಂತ್ರದಲ್ಲಿ ಅನುಕರಿಸುವುದರ ಬದಲು ಮಗುವಿನ ಮನಸ್ಸನ್ನು ಅನುಕರಿಸಿ, ಅದಕ್ಕೆ ಶಿಕ್ಷಣ ಕೊಡಬಾರದೇಕೆ ಎಂದು ಅವನು ಅಲ್ಲಿ ಕೇಳಿದ್ದಾನೆ. ಯಂತ್ರವನ್ನು ಕಟ್ಟಹೊರಟವನೂ ಮಗುವಿನ ಕಡೆಗೆ ನೋಡಬೇಕಾಯಿತೆಂಬುದು ಗಮನಾರ್ಹ. 1956 ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ವಿಜ್ಞಾನಿಗಳು ಸಭೆ ಸೇರಿ ಈ ವಿದ್ಯೆಗೆ ತಳಹದಿ ಹಾಕಿದರು. 2022 ರ ನವೆಂಬರ್ ತಿಂಗಳಿನಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಜನರ ಕೈಗೆ ಬಂದ ಮೇಲೆ, ಕೇಳಿದುದಕ್ಕೆಲ್ಲ ಮನುಷ್ಯನಂತೆಯೇ ಉತ್ತರಿಸುವ ಯಂತ್ರವು ಹಳ್ಳಿಯ ಜಗಲಿಯ ಮೇಲಿನ ಮೊಬೈಲಿಗೂ ಬಂದು ಕುಳಿತಿತು. ಮೂರನೆಯ ತರಗತಿಯಿಂದಲೇ ಈ ವಿಷಯದ ಪರಿಚಯವನ್ನು 2026-27 ನೆಯ ಶೈಕ್ಷಣಿಕ ವರ್ಷದಿಂದ ಆರಂಭಿಸುವ ಉದ್ದೇಶವನ್ನು ಭಾರತ ಸರ್ಕಾರದ ಶಿಕ್ಷಣ ಸಚಿವಾಲಯವು 2025 ರಲ್ಲಿ ಪ್ರಕಟಿಸಿತು. ಆದುದರಿಂದ ಇದು ಪಟ್ಟಣದ ಸಿರಿವಂತರ ಮಾತು, ತಮಗೆ ಸಂಬಂಧಿಸಿದುದಲ್ಲವೆಂದು ಯಾವ ಗೃಹಸ್ಥನೂ ಸುಮ್ಮನಿರುವಂತಿಲ್ಲ.

ಈ ಯಂತ್ರದ ಒಳಮರ್ಮವನ್ನು ಸ್ಥೂಲವಾಗಿಯಾದರೂ ತಿಳಿಯಬೇಕು. ಅದು ಅಪಾರವಾದ ಬರಹರಾಶಿಯಿಂದ ಯಾವ ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಕಲಿತಿರುತ್ತದೆ. ಕೇಳಿದ ಪ್ರಶ್ನೆಗೆ ತಕ್ಕಂತೆ ಒಂದರ ಮುಂದೊಂದು ಮಾತನ್ನು ಹೆಣೆದು ಉತ್ತರವನ್ನು ಕಟ್ಟುತ್ತದೆ. ಹೆಣಿಗೆ ಬಲು ಸೊಗಸು. ಬಹಳ ಸಲ ಅದು ಸತ್ಯವೂ ಆಗಿರುತ್ತದೆ. ಆದರೆ ಬೆಲ್ಲವೆಂಬ ಶಬ್ದದ ಸುತ್ತಣ ಸಾವಿರ ಶಬ್ದಗಳನ್ನು ಬಲ್ಲ ಆ ಯಂತ್ರವು ಬೆಲ್ಲದ ಸವಿಯನ್ನುಂಡಿಲ್ಲ. ಮಳೆಯ ಮಾತನ್ನಾಡುವ ಅದು ಮಳೆಯಲ್ಲಿ ನೆನೆದಿಲ್ಲ. ಅದಕ್ಕೆ ನುಡಿಯುಂಟು, ನಡೆಯಿಲ್ಲ. ಶಬ್ದವುಂಟು, ಅನುಭಾವವಿಲ್ಲ. ನುಡಿಯನ್ನು ನಡೆಯೆಂಬ ಒರೆಗಲ್ಲಿಗೆ ಹಚ್ಚಿ ನೋಡಿದ ಶರಣರ ಮಕ್ಕಳಿಗೆ ಈ ವ್ಯತ್ಯಾಸವು ಬೇಗ ತಿಳಿಯಬೇಕು. ಮುಕ್ತಾಯಕ್ಕನು ಮಾತಿನ ವಿಷಯದಲ್ಲಿ ಪ್ರಭುವನ್ನೇ ಪರೀಕ್ಷಿಸಿದಳೆಂದ ಮೇಲೆ, ಮಾತನ್ನು ಮಾತ್ರ ಬಲ್ಲ ಯಂತ್ರವನ್ನು ಪರೀಕ್ಷಿಸದೆ ಒಪ್ಪುವುದು ಹೇಗೆ?

ಹಾಗಾದರೆ ಈ ಅತಿಥಿಯನ್ನು ಹೊಸ್ತಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕೇ? ಅದೂ ಸರಿಯಾಗದು. ಯಂತ್ರಕ್ಕೆ ಒಂದು ಗುಣವಿದೆ. ಅದು ಬೇಸರಗೊಳ್ಳದು. ನೂರು ಸಲ ಕೇಳಿದರೂ ಗದರದು. ಪ್ರಶ್ನೆಯು ಬಾಲಿಶವೆಂದು ನಗದು. ನಾಚಿಕೆಯಿಂದ ತರಗತಿಯಲ್ಲಿ ಬಾಯಿ ತೆರೆಯದ ಮಗುವಿಗೆ, ಮನೆಯಲ್ಲಿ ಓದುಬರಹ ಬಲ್ಲವರಿಲ್ಲದ ಮಗುವಿಗೆ, ಪುಸ್ತಕಭಂಡಾರವಿಲ್ಲದ ಹಳ್ಳಿಯ ಶಾಲೆಗೆ ಇದು ಸಣ್ಣ ಉಪಕಾರವಲ್ಲ. ಬೇಡವೆಂದು ತಳ್ಳಿದರೆ ಉಳ್ಳವರ ಮಕ್ಕಳು ಮುಂದಕ್ಕೆ ಹೋಗುವರು, ಇಲ್ಲದವರ ಮಕ್ಕಳು ಹಿಂದುಳಿಯುವರು. ಆದುದರಿಂದ ವಿವೇಕಿಗಳು ವಿಚಾರಿಸಬೇಕಾದುದು ಯಂತ್ರವು ಬೇಕೋ ಬೇಡವೋ ಎಂಬುದನ್ನಲ್ಲ, ಅದನ್ನು ಎಷ್ಟು, ಯಾವಾಗ, ಯಾರ ಸಮ್ಮುಖದಲ್ಲಿ ಎಂಬುದನ್ನು.

‘ಎಷ್ಟು’ ಎಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನು ದಾರಿ ತೋರಿಸುತ್ತಾಳೆ. ಆಕೆಯ ಪತಿ ಮಾರಯ್ಯನ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಸಂತೋಷಪಡಲಿಲ್ಲ. ಅಂದಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದು ಆಸೆಗೆ ಕಾರಣವೆಂದು ತಿಳಿದು, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದಳು. ಮಗುವಿನ ಪ್ರಶ್ನೆಯೂ ಒಂದು ಹಿಡಿ ಅಕ್ಕಿಯ ಹಸಿವು. ಯಂತ್ರವಾದರೋ ಕ್ಷಣಮಾತ್ರದಲ್ಲಿ ಮೂಟೆಯನ್ನೇ ತಂದು ಅದರ ಮುಂದೆ ಸುರಿಯುತ್ತದೆ. ಹಿಡಿಯ ಹಸಿವಿಗೆ ಮೂಟೆಯನ್ನು ಸುರಿದರೆ ಹಸಿವೆಯೇ ಸಾಯುತ್ತದೆ. ಅಷ್ಟೇ ಅಲ್ಲದೆ, ಆಯುವ ಕಾಯಕವಿಲ್ಲದೆ ಬಂದ ಅಕ್ಕಿಯು ಲಕ್ಕಮ್ಮನ ಮನೆಯಲ್ಲಿ ಹೇಗೆ ಸಲ್ಲದೋ, ಹುಡುಕುವ ಕಾಯಕವಿಲ್ಲದೆ ಬಂದ ಉತ್ತರವೂ ಮಗುವಿನ ಮನಸ್ಸಿನಲ್ಲಿ ಹಾಗೆಯೇ ಸಲ್ಲದು. ಅದು ಇಂದು ಬಂದು ನಾಳೆ ಮರೆತುಹೋಗುವುದು.

ಈ ಮಾತಿಗೆ ಆಧುನಿಕರ ಪ್ರಯೋಗವೂ ಸಾಕ್ಷಿ ನುಡಿಯುತ್ತದೆ. 2011 ರಲ್ಲಿ ಎಲಿಜಬೆತ್ ಬೊನಾವಿಟ್ಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಲವು ಬಗೆಯ ಗುಟ್ಟುಗಳನ್ನು ಅಡಗಿಸಿಕೊಂಡಿದ್ದ ಒಂದು ಆಟಿಕೆಯನ್ನು ಎಳೆಯ ಮಕ್ಕಳಿಗೆ ಕೊಡಲಾಯಿತು. ಕೆಲವು ಮಕ್ಕಳಿಗೆ ಹಿರಿಯರು ಪಾಠ ಹೇಳುವವರಂತೆ ಅದರ ಒಂದು ಗುಟ್ಟನ್ನು ತೋರಿಸಿಕೊಟ್ಟರು. ಆ ಮಕ್ಕಳು ಅದೊಂದನ್ನೇ ಮತ್ತೆ ಮತ್ತೆ ಮಾಡಿ, ಉಳಿದ ಗುಟ್ಟುಗಳನ್ನು ಹುಡುಕುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಹಾಗೆ ಪಾಠ ಹೇಳಿಸಿಕೊಳ್ಳದ ಮಕ್ಕಳು ಹೆಚ್ಚು ಹೊತ್ತು ಆಡಿ, ಹೆಚ್ಚು ಗುಟ್ಟುಗಳನ್ನು ತಾವೇ ಕಂಡುಕೊಂಡರು. ಅವಸರದಲ್ಲಿ ಕೊಟ್ಟ ಪೂರ್ಣ ಉತ್ತರವು ಕುತೂಹಲಕ್ಕೆ ಮುಚ್ಚಳವಾಗುವುದೆಂಬುದು ಇದರಿಂದ ವಿದಿತವಾಗುತ್ತದೆ. ಪ್ರಭುದೇವರ ಬೆಡಗಿನ ವಚನಗಳು ಅರ್ಥವನ್ನು ಒಡೆದು ಹೇಳದೆ ಒಗಟಿನಂತೆ ಮುಂದಿಟ್ಟು, ಕೇಳಿದವನು ತಾನೇ ಬಿಡಿಸಲೆಂದು ಕಾಯುತ್ತವೆ. ಅದರ ಹಿಂದಿರುವ ಬೋಧನಕ್ರಮವೂ ಇದೇ.

‘ಯಾವಾಗ’ ಎಂಬುದಕ್ಕೆ ಒಂದು ದೃಷ್ಟಾಂತವನ್ನು ನೋಡಬಹುದು. ಎರಡನೆಯ ತರಗತಿಯ ಮಗುವು ಅಡುಗೆಮನೆಯ ಗೋಡೆಯನ್ನು ನೋಡಿ, ಇರುವೆಗಳು ಸಾಲಾಗಿ ಏಕೆ ಹೋಗುತ್ತವೆಂದು ಕೇಳಿತೆನ್ನೋಣ. ಒಡನೆಯೇ ಮೊಬೈಲನ್ನು ತೆಗೆದು ಕೇಳಿದರೆ ಮೂರು ಸಾಲಿನಲ್ಲಿ ಪ್ರಶ್ನೆ ಮುಗಿದುಹೋಯಿತು. ವಿವೇಕಿಯಾದ ತಾಯಿಯು ಹಾಗೆ ಮಾಡುವುದಿಲ್ಲ. ಮೊದಲು “ನಿನಗೇನನ್ನಿಸುತ್ತದೆ, ಮಗೂ?” ಎಂದು ಕೇಳುತ್ತಾಳೆ. ಮುಂದಿನ ಇರುವೆಯನ್ನು ನೋಡಿಕೊಂಡು ಹೋಗುತ್ತವೆಯೆಂದು ಮಗುವು ಹೇಳಬಹುದು. ಹಾಗಿದ್ದರೆ ನೋಡೋಣವೆಂದು ಒಂದು ಚೂರು ಬೆಲ್ಲವನ್ನು ನೆಲದ ಮೇಲಿರಿಸಿ, ಸಾಲು ಕಟ್ಟುವವರೆಗೆ ಇಬ್ಬರೂ ಕಾಯುತ್ತಾರೆ. ಬಳಿಕ ಸಾಲಿನ ನಡುವೆ ಒದ್ದೆಬಟ್ಟೆಯಿಂದ ಒಂದು ಬೆರಳಗಲ ನೆಲವನ್ನು ಒರೆಸುತ್ತಾರೆ. ಅಲ್ಲಿಗೆ ಬಂದ ಇರುವೆಗಳು ಗಲಿಬಿಲಿಗೊಂಡು ಅತ್ತಿತ್ತ ತಿರುಗಾಡುತ್ತವೆ. ಮುಂದಿನ ಇರುವೆಯು ಕಣ್ಣೆದುರಿನಲ್ಲಿಯೇ ಇದ್ದರೂ ದಾರಿ ತಪ್ಪಿತೇಕೆ? ನೆಲದಲ್ಲಿ ಏನೋ ಇದ್ದಿರಬೇಕು! ಈಗ ಮಗುವಿನ ಪ್ರಶ್ನೆಯು ಹಣ್ಣಾಯಿತು. ಯಂತ್ರವನ್ನು ಕೇಳುವ ಸಮಯವು ಇದೇ. ಆಗಲೂ “ಉತ್ತರವನ್ನು ಹೇಳಬೇಡ, ಮಗುವು ತಾನೇ ಊಹಿಸುವಂತೆ ಒಂದೆರಡು ಪ್ರಶ್ನೆಗಳನ್ನು ಮಾತ್ರ ಕೇಳು” ಎಂದು ಅದಕ್ಕೆ ಅಪ್ಪಣೆ ಮಾಡಬಹುದು. ಹಾಗೆ ಹೇಳಿದರೆ ಯಂತ್ರವು ಬಹುಮಟ್ಟಿಗೆ ಹಾಗೆಯೇ ನಡೆದುಕೊಳ್ಳುತ್ತದೆ. ಕೊನೆಗೆ ಇರುವೆಯು ತನ್ನ ಮೈಯಿಂದ ಒಸರುವ ಒಂದು ವಾಸನೆಯ ಗುರುತನ್ನು ನೆಲದ ಮೇಲೆ ಬಿಡುತ್ತ ಹೋಗುವುದೆಂದೂ, ಹಿಂದಿನವು ಅದನ್ನು ಮೀಸೆಯಿಂದ ಅರಿತು ಬರುವುವೆಂದೂ ತಿಳಿದಾಗ, ಮಗುವಿನ ಮುಖವು ಅರಳುವುದು. ಅದು ಉತ್ತರವನ್ನು ಪಡೆದ ಸಂತೋಷ ಮಾತ್ರವಲ್ಲ, ತನ್ನ ಹುಡುಕಾಟವು ಫಲಿಸಿದ ಆನಂದ. ಮೊದಲು ಕಣ್ಣು, ಆ ಬಳಿಕ ಕೈ, ಆ ಬಳಿಕ ಮನಸ್ಸು, ಕಡೆಯಲ್ಲಿ ಯಂತ್ರ. ಈ ಕ್ರಮವು ತಲೆಕೆಳಗಾಗಬಾರದು.

ಪ್ರಾಥಮಿಕ ಶಾಲೆಯ ಗುರುಗಳಿಗೂ ಈ ಕ್ರಮವೇ ಹಿತಕರ. ಯಂತ್ರವನ್ನು ಮಕ್ಕಳ ಮುಂದೆ ತಂದು ನಿಲ್ಲಿಸುವುದಕ್ಕಿಂತ, ಪಾಠದ ಹಿಂದಿನ ದಿನ ತಾವೇ ಅದರೊಡನೆ ಕುಳಿತು, ಊರಿನ ಕೆರೆ, ಜೋಳದ ಹೊಲ, ಸಂತೆಯ ತಕ್ಕಡಿ ಇವುಗಳನ್ನು ಕುರಿತು ಎಳೆಯರಲ್ಲಿ ಕುತೂಹಲವನ್ನೆಬ್ಬಿಸುವ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಳ್ಳುವುದು ಮೇಲು. ಅಮೆರಿಕದ ಸೆಮೂರ್ ಪ್ಯಾಪರ್ಟ್ ಎಂಬ ಶಿಕ್ಷಣತಜ್ಞರು 1960 ರ ದಶಕದಲ್ಲಿಯೇ ಲೋಗೊ ಎಂಬ ಗಣಕಭಾಷೆಯನ್ನು ಸಂಗಡಿಗರೊಡನೆ ರೂಪಿಸಿ, ಯಂತ್ರವು ಮಗುವನ್ನು ನಡೆಸುವುದಕ್ಕೆ ಬದಲಾಗಿ ಮಗುವೇ ಯಂತ್ರವನ್ನು ನಡೆಸಬೇಕೆಂದು ಪ್ರತಿಪಾದಿಸಿದರು. ಸವಾರನು ಕುದುರೆಯ ಮೇಲಿರಬೇಕೇ ಹೊರತು ಕುದುರೆಯು ಸವಾರನ ಮೇಲಲ್ಲ.

ಯಂತ್ರವು ತಪ್ಪುವುದೂ ಉಂಟೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ತಿಳಿಯದುದನ್ನು ತಿಳಿಯದೆಂದು ಹೇಳದೆ, ಇದ್ದಂತೆಯೇ ನಂಬಿಸಿ ನುಡಿಯುವುದು ಅದರ ದೊಡ್ಡ ದೋಷ. ಇಂಗ್ಲಿಷಿನಷ್ಟು ಬರಹರಾಶಿಯು ಕನ್ನಡದಲ್ಲಿ ಅದಕ್ಕೆ ದೊರೆತಿಲ್ಲವಾದ ಕಾರಣ ಕನ್ನಡದ ವಿಷಯದಲ್ಲಿ ಈ ದೋಷವು ಇನ್ನೂ ಹೆಚ್ಚು. ವಚನವೊಂದನ್ನು ಹೇಳೆಂದು ಕೇಳಿದರೆ, ಯಾವ ಶರಣರೂ ನುಡಿಯದ ಸಾಲುಗಳನ್ನು ತಾನೇ ಹೊಸೆದು, ಕಡೆಯಲ್ಲಿ ಪವಿತ್ರವಾದ ಅಂಕಿತವನ್ನು ಸೇರಿಸಿ ಕೊಡುವುದುಂಟು. ಭಕ್ತರ ಮನೆಗಳಲ್ಲಿ ಇದು ಅಲ್ಪ ವಿಷಯವಲ್ಲ. ಅಂಕಿತವೆಂಬುದು ಶರಣನು ತನ್ನ ಪ್ರಾಣವನ್ನಿಟ್ಟು ಒತ್ತಿದ ಮುದ್ರೆ. ಅದು ಸುಳ್ಳು ಮಾತಿನ ಕೆಳಗೆ ಬಂದು, ಅದನ್ನೇ ಮಕ್ಕಳು ಕಂಠಪಾಠ ಮಾಡಿದರೆ ಮುಂದಿನ ಪೀಳಿಗೆಗೆ ನಿಜವಚನವಾವುದು, ಹುಸಿವಚನವಾವುದೆಂದು ತಿಳಿಯುವ ಬಗೆಯೇ ಇಲ್ಲವಾಗುವುದು.

ಆದರೆ ಈ ದೋಷವನ್ನೇ ಪಾಠವನ್ನಾಗಿ ಮಾಡಿಕೊಳ್ಳಬಹುದು. ಡಾ. ಫ. ಗು. ಹಳಕಟ್ಟಿಯವರ (1880–1964) ಬಾಳಿನ ಕಥೆಯನ್ನು ಮಕ್ಕಳಿಗೆ ಹೇಳಬೇಕು. ಎಷ್ಟೋ ಮನೆಗಳಲ್ಲಿ ವಚನದ ತಾಡವೋಲೆಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವು, ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಮನೆಮನೆ ತಿರುಗಿ, ಕಟ್ಟುಗಳನ್ನು ಬಿಚ್ಚಿಸಿ, ಓದಿ, ಹೋಲಿಸಿ, 1923 ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಒಳಗೇನಿದೆಯೆಂದು ಅವರೊಬ್ಬರು ಕೇಳದಿದ್ದರೆ ಎಷ್ಟು ವಚನಗಳು ಹುಳು ತಿಂದು ಹೋಗುತ್ತಿದ್ದುವೋ! ಬಳಿಕ 1993 ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಯಂತ್ರವು ಹೇಳಿದ ವಚನವು ಆ ಸಂಪುಟಗಳಲ್ಲಿದೆಯೇ ಎಂದು ಮಠದ ಅಥವಾ ಊರಿನ ಗ್ರಂಥಾಲಯದಲ್ಲಿ ಹುಡುಕಿ ನೋಡುವಂತೆ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ಹೇಳಬಹುದು. ಇಲ್ಲವೆಂದು ಕಂಡುಹಿಡಿದ ಮಗುವು ಯಂತ್ರಕ್ಕಿಂತ ದೊಡ್ಡ ಒಂದು ವಸ್ತುವನ್ನು ಪಡೆಯುತ್ತದೆ. ಅದು ಸತ್ಯನಿಷ್ಠೆ.

ಇನ್ನು ‘ಯಾರ ಸಮ್ಮುಖದಲ್ಲಿ’ ಎಂಬ ಮಾತು. ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿಯು 1966 ರಲ್ಲಿ ಎಲೈಜಾ ಎಂಬ ಒಂದು ಸರಳವಾದ ಮಾತುಗಾರ ಯಂತ್ರವನ್ನು ಲೋಕಕ್ಕೆ ಪರಿಚಯಿಸಿದನು. ಅದು ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿದ್ದಿತು, ಅಷ್ಟೇ. ಅದರ ನಿರ್ಮಾಣವನ್ನು ಕಣ್ಣಾರೆ ಕಂಡಿದ್ದ ಅವನ ಕಾರ್ಯದರ್ಶಿನಿಯೇ ಅದರೊಡನೆ ಕೆಲವು ಮಾತನ್ನಾಡಿದ ಬಳಿಕ, ಅವನನ್ನು ಕೋಣೆಯಿಂದ ಹೊರಗೆ ಹೋಗಬೇಕೆಂದು ಕೋರಿದಳಂತೆ! ಬೆಳೆದವರಿಗೇ ಇಂಥ ಮೋಹವುಂಟಾಗುವುದಾದರೆ, ಗೊಂಬೆಗೂ ಜೀವವಿದೆಯೆಂದು ನಂಬುವ ಎಳೆಯ ಮಗುವಿನ ಗತಿಯೇನು? ಸದಾ ಒಪ್ಪುವ, ಎಂದಿಗೂ ಮುನಿಯದ ಯಂತ್ರವೇ ತನ್ನ ನಿಜವಾದ ಗೆಳೆಯನೆಂದು ಮಗುವು ಭ್ರಮಿಸಿದರೆ, ಮುನಿಯುವ ತಾಯಿಯೂ ತಿದ್ದುವ ಗುರುವೂ ಪರಕೀಯರಾಗಿಬಿಡುವರು. ಯುನೆಸ್ಕೋ ಸಂಸ್ಥೆಯು 2023 ರಲ್ಲಿ ಪ್ರಕಟಿಸಿದ ಮಾರ್ಗದರ್ಶನದಲ್ಲಿ ತರಗತಿಯಲ್ಲಿ ಇಂಥ ಸಾಧನಗಳನ್ನು ಬಳಸುವುದಕ್ಕೆ 13 ವರ್ಷವನ್ನು ಕನಿಷ್ಠ ಮಿತಿಯನ್ನಾಗಿ ಸೂಚಿಸಿದೆ. ಮಕ್ಕಳ ವಿವರಗಳನ್ನು ಬಳಸಿಕೊಳ್ಳಲು ತಂದೆತಾಯಿಗಳ ಒಪ್ಪಿಗೆ ಅವಶ್ಯವೆಂದು ಭಾರತದಲ್ಲಿ 2023 ರ ಕಾಯಿದೆಯು ಹೇಳುತ್ತದೆ. ಆದುದರಿಂದ ಪ್ರಾಥಮಿಕ ಶಾಲೆಯ ಮಗುವು ಒಂಟಿಯಾಗಿ ಯಂತ್ರದ ಮುಂದೆ ಕುಳಿತುಕೊಳ್ಳುವುದು ತಕ್ಕುದಲ್ಲ. ಯಂತ್ರವು ಹಿರಿಯರ ಕೈಯಲ್ಲಿರಲಿ, ಮಗುವು ಹಿರಿಯರ ಮಗ್ಗುಲಲ್ಲಿರಲಿ. ಮಗುವಿನ ಹೆಸರು, ಭಾವಚಿತ್ರ, ಮನೆಯ ಗುಟ್ಟು ಇವಾವುವೂ ಅದರೊಳಗೆ ಹೋಗದಿರಲಿ.

ಇಲ್ಲಿ ಒಂದು ಸಂದೇಹವು ಏಳಬಹುದು. ಅಕ್ಷರವರಿಯದ ತಾಯಿಯು, ದಿನವಿಡೀ ದುಡಿದು ಬಂದ ತಂದೆಯು ಮಗುವಿನ ಮಗ್ಗುಲಲ್ಲಿ ಕುಳಿತು ಮಾಡುವುದಾದರೂ ಏನು? ಅವರಿಗೆ ಉತ್ತರವೇ ತಿಳಿಯದಲ್ಲ! ನಿಜ. ಆದರೆ ಮಗುವಿಗೆ ಬೇಕಾದುದು ಉತ್ತರ ಬಲ್ಲ ತಂದೆತಾಯಿಗಳಿಗಿಂತ ಹೆಚ್ಚಾಗಿ, ತನ್ನೊಡನೆ ಸೋಜಿಗಪಡುವ ತಂದೆತಾಯಿಗಳು. “ನನಗೂ ತಿಳಿಯದು, ಬಾ, ನೋಡೋಣ” ಎಂಬ ಮಾತನ್ನಾಡಲು ಅಕ್ಷರಜ್ಞಾನವು ಬೇಡ, ಅಹಂಕಾರವನ್ನು ಕಳೆದುಕೊಂಡರೆ ಸಾಕು. ಅನುಭವಮಂಟಪದಲ್ಲಿ ನೆರೆದವರಾದರೂ ಯಾರು? ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ. ಕಾಯಕದಿಂದ ಬಂದ ತಿಳಿವು ಅವರ ಮಾತಿಗೆ ತೂಕವನ್ನು ತಂದಿತು. ಮಣ್ಣಿನ ಹದವನ್ನು ಅಂಗೈಯಲ್ಲಿ ಹಿಚುಕಿ ಹೇಳಬಲ್ಲ ರೈತನು, ಮೋಡದ ಬಣ್ಣ ನೋಡಿ ಹಪ್ಪಳವನ್ನು ಒಳಗೆ ತರುವ ಗೃಹಿಣಿಯು ಯಂತ್ರಕ್ಕೆ ಎಂದೂ ನಿಲುಕದ ಪಾಠವನ್ನು ಮಗುವಿಗೆ ಹೇಳಬಲ್ಲರು. ಅಂಥ ಮನೆಯ ಮಗುವು ಯಂತ್ರದ ಮಾತನ್ನು ತಾಯಿಯ ಅನುಭವದೊಡನೆ ಹೋಲಿಸಿ ನೋಡುವುದನ್ನು ಕಲಿತರೆ, ಅದೇ ವಿವೇಕದ ಆರಂಭ.

ಉಳಿದುದು ದಾಸೋಹದ ಮಾತು. 1916 ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದ ಹಿರಿಯರು ತಮ್ಮ ಮಕ್ಕಳಿಗಾಗಿ ಮಾತ್ರ ದುಡಿಯಲಿಲ್ಲ. ಸಿದ್ಧಗಂಗಾ ಕ್ಷೇತ್ರದಲ್ಲಿ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಜಾತಿಮತಗಳನ್ನೆಣಿಸದೆ ನಡೆಸಿದರು. ಅರಿವಿನ ಹೊಸ ಸಾಧನವು ಬಂದಾಗ ಅದೂ ದಾಸೋಹದ ವಸ್ತುವಾಗಬೇಕು. ಒಂದೊಂದು ಮಗುವಿಗೆ ಒಂದೊಂದು ಯಂತ್ರವು ಬೇಕಾಗಿಲ್ಲ. ಪ್ರಸಾದನಿಲಯದಲ್ಲಿ, ಮಠದ ಶಾಲೆಯಲ್ಲಿ, ಒಬ್ಬ ಗುರುವಿನ ಕಣ್ಣೆದುರಿನಲ್ಲಿ ಒಂದು ಸಾಧನವಿದ್ದು, ವಾರಕ್ಕೊಂದು ಸಂಜೆ ಊರ ಮಕ್ಕಳೆಲ್ಲ ತಮ್ಮ ತಮ್ಮ ಪ್ರಶ್ನೆಯನ್ನು ತಂದು, ಮೊದಲು ತಮ್ಮ ತಮ್ಮಲ್ಲಿ ಚರ್ಚಿಸಿ, ಕಡೆಯಲ್ಲಿ ಯಂತ್ರದ ಮಾತನ್ನೂ ಕೇಳಿ ಒರೆಗೆ ಹಚ್ಚುವಂತಾದರೆ, ಅದೇ ಒಂದು ಕಿರಿಯ ಅನುಭವಗೋಷ್ಠಿ. ಅಲ್ಲಿ ಸಾಹುಕಾರನ ಮಗನ ಪ್ರಶ್ನೆಯೂ ಕೂಲಿಕಾರನ ಮಗಳ ಪ್ರಶ್ನೆಯೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವುವು.

ದೀಪವನ್ನು ಹಚ್ಚಲು ಕಡ್ಡಿಯು ಬೇಕು. ಆದರೆ ಕಡ್ಡಿಯೇ ದೀಪವಲ್ಲ. ಎಣ್ಣೆಯು ಮಗುವಿನ ಕುತೂಹಲ, ಬತ್ತಿಯು ಅದರ ಕಾಯಕ, ಪ್ರಣತಿಯು ಮನೆಯ ಆಚಾರ. ಇವು ಮೂರೂ ಇದ್ದಲ್ಲಿ ಕಡ್ಡಿಯು ಹಳೆಯದಾದರೇನು, ಹೊಸದಾದರೇನು, ಜ್ಯೋತಿಯು ಬೆಳಗುವುದು. ಇವಿಲ್ಲದಲ್ಲಿ ಸಾವಿರ ಕಡ್ಡಿ ಗೀರಿದರೂ ಬೆರಳು ಸುಡುವುದೇ ಹೊರತು ಕತ್ತಲೆ ಹರಿಯದು. ಆದಕಾರಣ ಗೃಹಸ್ಥರು ಇಂದು ಸಂಜೆ ಲಿಂಗಪೂಜೆಯನ್ನು ಮುಗಿಸಿದ ಬಳಿಕ, ಪ್ರಸಾದಕ್ಕೆ ಕುಳಿತಾಗ, “ಈ ದಿನ ಶಾಲೆಯಲ್ಲಿ ಏನು ಕಲಿತೆ?” ಎಂದು ಕೇಳುವ ಬದಲು “ಈ ದಿನ ಏನನ್ನು ಕೇಳಿದೆ?” ಎಂದು ಮಗುವನ್ನು ಕೇಳಲಿ. ಆ ಒಂದು ಪ್ರಶ್ನೆಯಿಂದ ಮನೆಯೇ ಮಂಟಪವಾಗುವುದು. ಎಳೆಯರ ಬಾಯಿಯ ‘ಏಕೆ’ಯು ಬಾಡದಂತೆ ಕಾಯುವ ತಾಳ್ಮೆಯನ್ನೂ, ನುಡಿಯನ್ನು ನಡೆಯಿಂದಳೆಯುವ ವಿವೇಕವನ್ನೂ ಪರಶಿವನು ಸಕಲ ಸದ್ಭಕ್ತರಿಗೆ ಕರುಣಿಸಲಿ.